ಕಿಸೆಚಾಕುವಿನ ಗುಣಪರೀಕ್ಷೆ

ಬೆಲೆ ಕಡಮೆಯಾದ ಚಾಕುವೆಲ್ಲ ಕಳಪೆಯಲ್ಲ. ಮಾಡಿದವನು ಕಾಸು ಉಳಿಸಿದ್ದು ಎಲ್ಲಿ ಎಂಬುದನ್ನು ಕಂಡುಕೊಂಡರೆ ಪರೀಕ್ಷೆ ಅರ್ಧ ಮುಗಿದಂತೆಯೇ. ಉಳಿದರ್ಧಕ್ಕೆ ಒಂದು ಚೂರು ಕಾಗದ, ಕಿಟಕಿಯ ಬೆಳಕು, ಎರಡು ಬೆರಳು ಸಾಕು.

ಫ್ರಾನ್ಸ್ ದೇಶದ ಮಧ್ಯಭಾಗದಲ್ಲಿ, ದ್ಯೂರೊಲ್ ಎಂಬ ಸಣ್ಣ ನದಿಯು ಬಂಡೆಯಿಂದ ಬಂಡೆಗೆ ಧುಮುಕುತ್ತ ಇಳಿಯುವ ಇಕ್ಕಟ್ಟಾದ ಕಣಿವೆಯಲ್ಲಿ, ಸುಮಾರು ನೂರು ವರ್ಷಗಳ ಕೆಳಗೆ ಚಳಿಗಾಲದ ಒಂದು ಮುಂಜಾನೆ ಸಾಣೆಮನೆಯ ಬಾಗಿಲನ್ನು ತಳ್ಳಿ ಒಳಹೊಕ್ಕವನಿಗೆ, ಇಲ್ಲಿರುವವರು ಕೆಲಸಕ್ಕೆ ಬಂದವರೋ ನಿದ್ರೆಗೆ ಬಂದವರೋ ಎಂಬ ಸಂದೇಹ ಹುಟ್ಟದೆ ಇರುತ್ತಿರಲಿಲ್ಲ.

ಸಾಲಾಗಿ ಹಾಸಿದ ಹಲಗೆಗಳ ಮೇಲೆ ಕೆಲಸಗಾರರು ಬೋರಲು ಮಲಗಿದ್ದಾರೆ. ಅವರ ಮುಖದ ಕೆಳಗೆ ನದಿಯ ನೀರಿನ ಬಲದಿಂದ ತಿರುಗುವ ದೊಡ್ಡ ಸಾಣೆಕಲ್ಲು. ಕಲ್ಲಿಗೆ ಒತ್ತಿ ಹಿಡಿದ ಚಾಕುವಿನ ಅಲಗು. ಮತ್ತು, ಆ ತೇವದ ಕೊರೆತದಲ್ಲಿ ಕಾಲು ಮರಗಟ್ಟದಿರಲೆಂದು, ಕೆಲಸಗಾರನ ಕಾಲುಗಳ ಮೇಲೆ ಮುದುರಿ ಮಲಗಿದ ಒಂದು ನಾಯಿ. ಕಲ್ಲಿನಿಂದ ಸಿಡಿಯುವ ಹಳದಿ ಕೆಸರು ಇವರ ಉಡುಪನ್ನೆಲ್ಲ ನೆನೆಸುತ್ತಿದ್ದುದರಿಂದ ಊರವರು ಇವರಿಗೆ ‘ಹಳದಿ ಹೊಟ್ಟೆಯವರು’ ಎಂದು ಹೆಸರಿಟ್ಟಿದ್ದರು.

ಆ ಊರು ತ್ಯೇರ್. ಶತಮಾನಗಳಿಂದ ಚಾಕು ಕತ್ತರಿಗಳನ್ನೇ ನಂಬಿ ಬಾಳಿದ, ಇಂದಿಗೂ ಫ್ರಾನ್ಸಿನ ಚಾಕುಗಳಲ್ಲಿ ಬಹುಪಾಲನ್ನು ಒದಗಿಸುವ ಊರು. ಅಲ್ಲಿ ಹೀಗೆ ಮಲಗಿ ಮಸೆದುದರಲ್ಲಿ ಬಹಳಷ್ಟು ಶ್ರೀಮಂತರ ಊಟದ ಮೇಜಿಗೆ ಹೋದುದಲ್ಲ. ರೊಟ್ಟಿ ಕೊಯ್ಯುವುದಕ್ಕೂ ದ್ರಾಕ್ಷಿಬಳ್ಳಿ ಸವರುವುದಕ್ಕೂ ಒಂದೇ ಚಾಕುವನ್ನು ಕಿಸೆಯಲ್ಲಿಟ್ಟುಕೊಂಡು ತಿರುಗುತ್ತಿದ್ದ ರೈತ ಕೂಲಿಕಾರರಿಗೆ ಸಂದದ್ದು. ಅಗ್ಗದ ವಸ್ತುವೆಂದರೆ ಅಶ್ರದ್ಧೆಯ ವಸ್ತು ಎಂದು ತಿಳಿದವರು ಆ ನಾಯಿಗಳನ್ನೊಮ್ಮೆ ನೆನೆಯಬೇಕು.

ಮಾವಿನಕಾಯಿ ಮಾರುಕಟ್ಟೆಗೆ ಇಳಿದು, ಮಕ್ಕಳಿಗೆ ರಜೆ ಬಂದು, ಬೆಟ್ಟ ಹತ್ತುವವರೂ ತೋಟಕ್ಕೆ ಹೋಗುವವರೂ ಚೀಲ ಕಟ್ಟುವ ಈ ದಿನಗಳಲ್ಲಿ ಮಡಿಸುವ ಚಾಕುವೊಂದು ಜೊತೆಗಿರಲೆಂಬ ಆಸೆ ಯಾರಿಗೂ ಹುಟ್ಟಬಹುದು. ಆಸೆ ಸಣ್ಣದು, ವೆಚ್ಚವೂ ಸಣ್ಣದು. ಆದರೆ ಆಯ್ಕೆಯ ಕಷ್ಟ ಸಣ್ಣದಲ್ಲ. ಜಾತ್ರೆಯ ಅಂಗಡಿಯಲ್ಲಾಗಲಿ ಮೊಬೈಲಿನ ಪರದೆಯಲ್ಲಾಗಲಿ ಕಣ್ಣಿಗೆ ಬೀಳುವ ಚಾಕುಗಳೆಲ್ಲವೂ ಒಂದೇ ಬಗೆಯಾಗಿ ಹೊಳೆಯುತ್ತವೆ, ಮತ್ತು ಹೊಳಪೆಂಬುದು ಚಾಕುವಿನ ಗುಣಗಳಲ್ಲಿ ಅತ್ಯಂತ ಅಗ್ಗವಾದುದು.

ಎಲ್ಲಿ ಉಳಿಸಿದರು?

ಕಡಮೆ ಬೆಲೆಗೆ ಮಾರತಕ್ಕ ವಸ್ತುವನ್ನು ಮಾಡುವವನು ಎಲ್ಲಿಯಾದರೂ ಮಿತವ್ಯಯ ಮಾಡಲೇಬೇಕು. ಸತ್ಯವಂತನಾದವನು ಕಣ್ಣಿಗೆ ಕಾಣುವ ಅಲಂಕಾರವನ್ನು ಬಿಡುತ್ತಾನೆ. ಅಲ್ಲದವನು ಕಣ್ಣಿಗೆ ಕಾಣದ ಹದವನ್ನು ಬಿಟ್ಟು, ಉಳಿದ ಹಣದಲ್ಲಿ ಹಿಡಿಗೆ ಹಿತ್ತಾಳೆಯ ಹೂಬಳ್ಳಿ ಕೆತ್ತಿಸುತ್ತಾನೆ. ಅಗ್ಗದ ಚಾಕುವಿನ ಪರೀಕ್ಷೆಯೆಲ್ಲ ಈ ಒಂದು ವಿವೇಚನೆಯಲ್ಲಿ ಅಡಗಿದೆ ಎಂದೇ ನನ್ನ ಅಭಿಪ್ರಾಯ.

ಲೋಕಪ್ರಸಿದ್ಧವಾದ ಮೂರು ಬಡವರ ಚಾಕುಗಳನ್ನು ತೆಗೆದುಕೊಳ್ಳೋಣ.

ಮೊದಲನೆಯದು ಆಲ್ಪ್ಸ್ ಪರ್ವತದ ಮಡಿಲಿನ ಸವೊಯ್ ಪ್ರಾಂತದ ಒಪಿನೆಲ್. ಕೃಷಿ ಉಪಕರಣಗಳನ್ನು ಮಾಡುವ ಮನೆತನದಲ್ಲಿ ಹುಟ್ಟಿದ ಜೋಸೆಫ್ ಒಪಿನೆಲ್ 1890ರಲ್ಲಿ, ತನ್ನ ಹದಿನೆಂಟನೆಯ ವಯಸ್ಸಿನಲ್ಲಿ, ನೆರೆಹೊರೆಯವರಿಗಾಗಿ ಇದನ್ನು ರೂಪಿಸಿದ. 1897ರ ಹೊತ್ತಿಗೆ ಒಂದರಿಂದ ಹನ್ನೆರಡರವರೆಗೆ ಅಳತೆಗಳ ಸಾಲನ್ನೇ ಸಿದ್ಧಪಡಿಸಿದ. ಬೀಚ್ ಮರದ ಹಿಡಿಯ ತುದಿಯನ್ನು ಸೀಳಿ, ಸೀಳಿನೊಳಗೆ ಅಲಗನ್ನು ಕೂರಿಸಿ, ಲೋಹದ ಪಟ್ಟಿಯೊಂದನ್ನು ಸುತ್ತಿ, ಅಡ್ಡಲಾಗಿ ಮೊಳೆ ಹೊಡೆದರೆ ಚಾಕು ಮುಗಿಯಿತು. ಬೆನ್ನಿಗೆ ಸ್ಪ್ರಿಂಗಿಲ್ಲ, ಪಕ್ಕಗಳಿಗೆ ತಗಡಿಲ್ಲ. 1955ರಲ್ಲಿ ಮಾರ್ಸೆಲ್ ಒಪಿನೆಲ್, ತಿರುಗಿಸಿದರೆ ಅಲಗು ಮಡಚದಂತೆ ತಡೆಯುವ ಉಂಗುರವೊಂದನ್ನು ಸೇರಿಸಿದ. ಅಲ್ಲಿಗೆ ಒಟ್ಟು ಭಾಗಗಳು ಐದು.

ಎರಡನೆಯದು ಜಪಾನಿನ ಹ್ಯೋಗೊ ಪ್ರಾಂತದ ಮಿಕಿ ಪಟ್ಟಣದ ಹಿಗೊನೊಕಾಮಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಹುಟ್ಟಿದ ಇದರಲ್ಲಿ ಸ್ಪ್ರಿಂಗೂ ಇಲ್ಲ, ತಡೆಯುಂಗುರವೂ ಇಲ್ಲ. ಮಡಿಸಿದ ಒಂದು ತಗಡೇ ಹಿಡಿ, ಅದರ ತುದಿಯಲ್ಲಿ ಬಿಗಿಯಾದ ಒಂದು ಮೊಳೆ. ಅಲಗಿನ ಬುಡದಿಂದ ಬಾಲದಂತೆ ಚಾಚಿದ ಸಣ್ಣ ಸನ್ನೆಯನ್ನು ಹೆಬ್ಬೆರಳಿನಿಂದ ಒತ್ತಿಹಿಡಿದಿರುವಷ್ಟು ಕಾಲ ಚಾಕು ಭದ್ರ, ಬಿಟ್ಟರೆ ಅಭದ್ರ. ಜಪಾನಿನ ಮಕ್ಕಳು ಒಂದು ಕಾಲಕ್ಕೆ ಪೆನ್ಸಿಲು ಜೀವುತ್ತಿದ್ದುದು ಇದರಿಂದಲೇ.

ಮೂರನೆಯದು ಮತ್ತೆ ತ್ಯೇರ್ ಊರಿನದು: 1929ರಲ್ಲಿ ಕೋನ್ಯೆ ಕಾರ್ಖಾನೆ ಹೊರತಂದ ಡೂಕ್-ಡೂಕ್. ಇದರ ಹಿಡಿಯೂ ಮಡಿಸಿದ ಉಕ್ಕಿನ ತಗಡೇ. ಪೆಸಿಫಿಕ್ ಸಾಗರದ ಫ್ರೆಂಚ್ ವಸಾಹತುಗಳಿಗೆ ಮಾರಬೇಕೆಂದು ಹಿಡಿಯ ಮೇಲೆ ಮೆಲನೇಶಿಯದ ದೈವವೊಂದರ ಆಕೃತಿಯನ್ನು ಒತ್ತಿದರು. ಆದರೆ ಅದು ಹೆಚ್ಚು ಹೆಸರಾದುದು ಉತ್ತರ ಆಫ್ರಿಕದಲ್ಲಿ. ಇಲ್ಲಿ ಉಳಿತಾಯವಾದದ್ದು ಹಿಡಿಯಲ್ಲಿ, ಉಳಿಸದೆ ಖರ್ಚು ಮಾಡಿದ್ದು ಬೆನ್ನಿನ ಸ್ಪ್ರಿಂಗಿನಲ್ಲಿ. ಆ ಸ್ಪ್ರಿಂಗಿನ ಬಿಗಿಗೆ ಉಗುರು ಸೋಲುವುದುಂಟು.

ಮೂವರೂ ಒಂದೊಂದನ್ನು ಬಿಟ್ಟರು, ಯಾರೂ ಅಲಗನ್ನು ಬಿಡಲಿಲ್ಲ. ಅವರು ಬಿಟ್ಟದ್ದೇನೆಂಬುದು ಮೊದಲ ನೋಟಕ್ಕೇ ತಿಳಿಯುವಂತಿದೆ. ಆದುದರಿಂದಲೇ ಅವು ಪ್ರಾಮಾಣಿಕವಾದ ಚಾಕುಗಳು.

> ಊರಿನ ಹೆಸರು, ಊರಿಗಿರಲಿಲ್ಲ
>
> ಜೇನುಹುಳುವಿನ ಚಿಹ್ನೆಯ ಲಾಯೋಲ್ ಚಾಕುಗಳನ್ನು ಬಲ್ಲವರು ಅನೇಕರು. ಲಾಯೋಲ್ ಎಂಬುದು ದಕ್ಷಿಣ ಫ್ರಾನ್ಸಿನ ಒಂದು ಹಳ್ಳಿ. ಆ ಹೆಸರನ್ನು ಹಳ್ಳಿಗೆ ಸಂಬಂಧವೇ ಇಲ್ಲದ ವ್ಯಾಪಾರಿಯೊಬ್ಬ 1993ರಲ್ಲಿ ತನ್ನ ವ್ಯಾಪಾರಮುದ್ರೆಯಾಗಿ ನೋಂದಾಯಿಸಿಕೊಂಡ. ನ್ಯಾಯಾಲಯದಲ್ಲಿ ಸೋತ ಹಳ್ಳಿಗರು 2012ರಲ್ಲಿ, ನಮ್ಮ ಹೆಸರೇ ನಮ್ಮದಲ್ಲವಾದ ಮೇಲೆ ಫಲಕವೇಕೆಂದು, ಊರಬಾಗಿಲಿನ ಹೆಸರಿನ ಫಲಕವನ್ನೇ ಕಿತ್ತಿಟ್ಟು ಪ್ರತಿಭಟಿಸಿದರು. ಜರ್ಮನಿಯ ಜೋಲಿಂಗೆನ್ ಇದಕ್ಕೆ ವ್ಯತಿರಿಕ್ತ: ಆ ನಗರದ ಹೆಸರಿಗೆ 1938ರಿಂದ ಕಾನೂನಿನ ರಕ್ಷಣೆಯಿದೆ.

ಮುದ್ರೆಯ ಮಾತು

ಹೆಸರನ್ನು ನಂಬಿ ಕೊಳ್ಳುವುದು ಸುಲಭ. ಆದರೆ ಹೆಸರು ಎಲ್ಲೆಡೆಯೂ ಗುಣದ ಸಾಕ್ಷಿಯಲ್ಲ. ಜೇನುಹುಳುವಿನ ಚಿಹ್ನೆಯನ್ನು ಯಾರು ಬೇಕಾದರೂ ಒತ್ತಬಹುದು. ನಮ್ಮ ದೇಶದ ರಾಮಪುರಿಯ ಕಥೆಯೂ ಹೆಚ್ಚು ಬೇರೆಯಲ್ಲ: ಉತ್ತರ ಪ್ರದೇಶದ ರಾಮಪುರದ ಕುಶಲಕರ್ಮಿಗಳು ಬೆಳೆಸಿದ ಕಸುಬು, ಹಿಂದಿ ಚಲನಚಿತ್ರದ ಖಳನಾಯಕರ ಕೈಗೆ ಸಿಕ್ಕಿ ಅಪಕೀರ್ತಿಯನ್ನೇ ಕೀರ್ತಿಯಾಗಿ ಪಡೆಯಿತು. ಆ ಕಸುಬಿನ ನೆನಪಿಗಾಗಿ 2023ರಲ್ಲಿ ರಾಮಪುರದ ಚೌಕವೊಂದರಲ್ಲಿ ಸುಮಾರು 20 ಅಡಿ ಉದ್ದದ ಚಾಕುವೊಂದನ್ನು ನಿಲ್ಲಿಸಿದ್ದಾರೆ. ಕೊಳ್ಳುವವನಿಗೆ ಅದರಿಂದ ಪ್ರಯೋಜನವೇನೂ ಇಲ್ಲ.

ಒಪಿನೆಲ್ಲಿನ ಅಲಗಿನ ಮೇಲೆ ಕಿರೀಟ ಧರಿಸಿದ ಒಂದು ಕೈ ಇದೆ. 1565ರಲ್ಲಿ ಫ್ರಾನ್ಸಿನ ದೊರೆ ಒಂಬತ್ತನೆಯ ಚಾರ್ಲ್ಸ್, ಚಾಕು ಮಾಡುವ ಪ್ರತಿಯೊಬ್ಬ ಯಜಮಾನನೂ ತನ್ನ ಮುದ್ರೆಯನ್ನು ಒತ್ತತಕ್ಕುದೆಂದು ಆಜ್ಞೆ ಹೊರಡಿಸಿದ್ದ. ಆ ಸಂಪ್ರದಾಯವನ್ನು ಅನುಸರಿಸಿ 1909ರಲ್ಲಿ ಆರಿಸಿಕೊಂಡ ಚಿಹ್ನೆ ಇದು. ಆಶೀರ್ವದಿಸುವ ಕೈ ಹತ್ತಿರದ ಪಟ್ಟಣದ ಲಾಂಛನದಿಂದ ಬಂದುದು, ಕಿರೀಟ ಸವೊಯ್ ಸಂಸ್ಥಾನದ್ದು. ಮುದ್ರೆಯ ಉದ್ದೇಶ ಇಷ್ಟೆ: ಚಾಕು ಮುರಿದರೆ ಯಾರ ಬಾಗಿಲಿಗೆ ಹೋಗಬೇಕೆಂಬುದು ತಿಳಿದಿರಲಿ. ಯಾವ ಹೆಸರೂ ಇಲ್ಲದ, ‘ಸರ್ಜಿಕಲ್ ಸ್ಟೀಲ್’ ಎಂದು ಮಾತ್ರ ಬರೆದ ಅಲಗು ಯಾರ ಬಾಗಿಲನ್ನೂ ತೋರಿಸುವುದಿಲ್ಲ. ಆ ಎರಡು ಪದಗಳಿಗೆ ಚಾಕುವಿನ ಲೋಕದಲ್ಲಿ ನಿಶ್ಚಿತವಾದ ಅರ್ಥವೇ ಇಲ್ಲ.

‘440’ ಎಂಬ ಅಂಕಿಯೂ ಅಂಥದೇ. ಆ ವರ್ಗದ ಉಕ್ಕಿನಲ್ಲಿ ಎ, ಬಿ, ಸಿ ಎಂದು ಮೂರು ಜಾತಿಗಳುಂಟು. ಎ ಜಾತಿಯಲ್ಲಿ ಇಂಗಾಲ ಶೇಕಡಾ 0.60ರಿಂದ 0.75, ಸಿ ಜಾತಿಯಲ್ಲಿ 0.95ರಿಂದ 1.20. ಅಕ್ಷರವನ್ನು ನುಂಗಿ ಅಂಕಿಯನ್ನು ಮಾತ್ರ ಕೆತ್ತಿದವನು ಯಾವುದನ್ನು ಬಳಸಿರಬಹುದೆಂದು ಊಹಿಸುವುದು ಕಷ್ಟವಲ್ಲ. ಇನ್ನು, ಕೆಲವು ನೂರು ರೂಪಾಯಿಗೆ ಅಲೆಅಲೆಯಾದ ‘ಡಮಾಸ್ಕಸ್’ ವಿನ್ಯಾಸದ ಅಲಗು ದೊರೆತರೆ, ಅದು ಸಾಮಾನ್ಯ ಉಕ್ಕಿನ ಮೇಲೆ ಬಿಡಿಸಿದ ಚಿತ್ರವೆಂದೇ ತಿಳಿಯತಕ್ಕುದು.

ಕೈಯಲ್ಲಿ ಹಿಡಿದಾಗ

ಅಂಗಡಿಯಲ್ಲಿ ಚಾಕು ಕೈಗೆ ಬಂದೊಡನೆ ಹೆಚ್ಚಿನವರು ಮಾಡುವ ಕೆಲಸ, ಹೆಬ್ಬೆರಳನ್ನು ಅಲಗಿನ ಬಾಯಿಗೆ ತಾಗಿಸಿ ನೋಡುವುದು. ಇದು ಕೊನೆಗೆ ಮಾಡಬೇಕಾದ ಕೆಲಸ. ಹರಿತವನ್ನು ಯಾವಾಗ ಬೇಕಾದರೂ ಮನೆಯ ಸಾಣೆಕಲ್ಲಿನಲ್ಲಿ ತರಬಹುದು. ವಕ್ರವಾಗಿ ಕೂತ ಮೊಳೆಯನ್ನು ನೆಟ್ಟಗೆ ಮಾಡುವುದು ನಮ್ಮಿಂದ ಆಗತಕ್ಕ ಕೆಲಸವಲ್ಲ.

ಮೊದಲು, ಮಡಿಸಿದ ಚಾಕುವನ್ನು ಬೆಳಕಿಗೆ ಎದುರಾಗಿ ಹಿಡಿದು ಬೆನ್ನಿನ ಕಡೆಯಿಂದ ನೋಡಬೇಕು. ಸ್ಪ್ರಿಂಗಿಗೂ ಅದರ ಇಕ್ಕೆಲದ ತಗಡುಗಳಿಗೂ ನಡುವೆ ಬೆಳಕಿನ ಗೆರೆ ಕಂಡರೆ ಜೋಡಣೆ ಸಡಿಲ. ಬಳಿಕ ಹೊಟ್ಟೆಯ ಕಡೆಯಿಂದ ನೋಡಬೇಕು. ಒಂದೇ ಅಲಗಿನ ಚಾಕುವಿನಲ್ಲಿ ಅಲಗು ನಡುಮಧ್ಯದಲ್ಲಿ, ಯಾವ ಪಕ್ಕಕ್ಕೂ ಉಜ್ಜದೆ ನಿಂತಿರಬೇಕು. ಎರಡು ಮೂರು ಅಲಗುಗಳ ಚಾಕುವಿನಲ್ಲಾದರೆ ಅಲಗುಗಳು ಒಂದನ್ನೊಂದು ತಪ್ಪಿಸಿಕೊಂಡು ಕೂರಲೆಂದು ಅವನ್ನು ಬುಡದಲ್ಲಿ ಬೇಕೆಂದೇ ತುಸು ಬಾಗಿಸಿರುತ್ತಾರೆ; ಅದನ್ನು ದೋಷವೆಂದು ಎಣಿಸಿ ಒಳ್ಳೆಯ ಚಾಕುವನ್ನು ಹಿಂದಕ್ಕೆ ಕೊಟ್ಟವರೂ ಇದ್ದಾರು.

ಇನ್ನು ಅಲಗನ್ನು ತೆರೆಯಬೇಕು, ಕಿವಿಗೊಟ್ಟು. ಒಳ್ಳೆಯ ಸ್ಪ್ರಿಂಗಿನ ಚಾಕು ಪೂರ್ತಿ ತೆರೆದಾಗ ‘ಟಕ್’ ಎಂದು ಖಚಿತವಾಗಿ ನುಡಿಯುತ್ತದೆ, ಮುಚ್ಚುವಾಗಲೂ ಅಷ್ಟೆ. ಸದ್ದಿಲ್ಲದೆ ತೇಲುತ್ತ ಬಂದು ನಿಲ್ಲುವ ಅಲಗು ಸದ್ದಿಲ್ಲದೆಯೇ ಬೆರಳಿನ ಮೇಲೆ ಮಡಚಿಕೊಳ್ಳುವುದೂ ಉಂಟು. ಆದರೆ ಬಿಗಿಯೇ ಗುಣವೆಂದು ಭ್ರಮಿಸಬಾರದು. ಉಗುರು ಮುರಿಯುವಷ್ಟು ಬಿಗಿಯಾದ ಚಾಕುವನ್ನು ಕೊಂಡವನು ಅದನ್ನು ಮೇಜಿನ ಸೆಳೆಖಾನೆಯಲ್ಲಿ ಗೌರವದಿಂದ ಕಾಪಾಡುತ್ತಾನೆಯೇ ಹೊರತು ಬಳಸುವುದಿಲ್ಲ.

ತೆರೆದ ಅಲಗಿನ ತುದಿಯನ್ನು ಎರಡು ಬೆರಳಿನಿಂದ ಮೆಲ್ಲನೆ ಹಿಡಿದು, ಮೊದಲು ಎಡಬಲಕ್ಕೆ, ಆಮೇಲೆ ಮೇಲೆಕೆಳಕ್ಕೆ ಅಲುಗಿಸಿ ನೋಡಬೇಕು. ಎಡಬಲದ ಅಲುಗಾಟ ಅಲ್ಪವಾಗಿದ್ದರೆ ಕ್ಷಮಿಸಬಹುದು, ಏತಕ್ಕೆಂದರೆ ಅದು ಮೊಳೆಯ ಸಡಿಲ. ಕಬ್ಬಿಣದ ಅಡಿಗಲ್ಲಿನ ಮೇಲಿಟ್ಟು ಮೊಳೆಯ ತಲೆಗೆ ಸುತ್ತಿಗೆಯಿಂದ ಹಗುರವಾಗಿ ತಟ್ಟಿದರೆ ಸರಿಹೋಗುತ್ತದೆ. ಮೇಲೆಕೆಳಗಿನ ಅಲುಗಾಟಕ್ಕೆ ಕ್ಷಮೆಯಿಲ್ಲ. ಅಲಗಿನ ಬುಡವನ್ನೋ ಸ್ಪ್ರಿಂಗನ್ನೋ ತಪ್ಪಾಗಿ ಉಜ್ಜಿದ್ದಾರೆಂಬುದರ ಗುರುತು ಅದು. ದಿನದಿನಕ್ಕೆ ಹೆಚ್ಚುವುದೇ ಅದರ ಸ್ವಭಾವ.

ಈಗ ಕಾಗದದ ಚೂರು. ಅಲಗು ಮಡಚುವ ಕಂಡಿಯೊಳಕ್ಕೆ ಕಾಗದದ ಸಣ್ಣ ಪಟ್ಟಿಯನ್ನು ಇಳಿಬಿಟ್ಟು ಚಾಕುವನ್ನು ಅದರ ಸ್ವಂತ ರಭಸಕ್ಕೆ ಬಿಟ್ಟು ಮುಚ್ಚಿ, ಮತ್ತೆ ತೆರೆದು ನೋಡಿದಾಗ ಕಾಗದ ತುಂಡಾಗಿದ್ದರೆ, ಅಲಗಿನ ಬಾಯಿ ಮುಚ್ಚುವಾಗಲೆಲ್ಲ ಸ್ಪ್ರಿಂಗಿಗೆ ಬಡಿಯುತ್ತಿದೆ ಎಂದರ್ಥ. ಅಂಥ ಚಾಕುವನ್ನು ಎಷ್ಟು ಮಸೆದರೂ ಬಡಿಯುವ ಆ ಒಂದು ಜಾಗ ಸದಾ ಮೊಂಡು. ಅಲಗಿನ ಬುಡದಲ್ಲಿ ಸಣ್ಣ ಉಬ್ಬೊಂದನ್ನು ಬಿಟ್ಟು, ಅಲಗು ಸ್ಪ್ರಿಂಗಿನಿಂದ ಕೂದಲೆಳೆಯಷ್ಟು ಮೇಲೆಯೇ ನಿಲ್ಲುವಂತೆ ಮಾಡುವುದು ಈ ಕಸುಬಿನ ಪ್ರಾಥಮಿಕ ಪಾಠ. ಆ ಪಾಠವನ್ನು ಮರೆತವನು ಮಿಕ್ಕ ಪಾಠಗಳನ್ನು ನೆನಪಿಟ್ಟಿರುವನೆಂದು ನಂಬಲು ನನಗಂತೂ ಧೈರ್ಯವಿಲ್ಲ.

ಕಾಣದ ಹದ

ಇಷ್ಟೂ ಪರೀಕ್ಷೆಗಳಲ್ಲಿ ತೇರ್ಗಡೆಯಾದ ಚಾಕುವೂ ಅಪ್ರಯೋಜಕವಾಗಬಹುದು. ಉಕ್ಕನ್ನು ಸುಮಾರು 800 ಡಿಗ್ರಿಯವರೆಗೆ ಕಾಯಿಸಿ, ಎಣ್ಣೆಯಲ್ಲೋ ನೀರಿನಲ್ಲೋ ತಟ್ಟನೆ ಅದ್ದಿ ಗಡಸುಗೊಳಿಸಿ, ಹಾಗೆಯೇ ಬಿಟ್ಟರೆ ಗಾಜಿನಂತೆ ಒಡೆಯುವ ಆ ಗಡಸನ್ನು ಸುಮಾರು 200 ಡಿಗ್ರಿಯ ಮಂದವಾದ ಶಾಖದಲ್ಲಿ ಮತ್ತೊಮ್ಮೆ ಕಾಯಿಸಿ ಪಳಗಿಸುವುದೇ ಅಲಗಿಗೆ ಹದ ಕೊಡುವ ವಿದ್ಯೆ. ಇದಕ್ಕೆ ಹೊತ್ತು ಬೇಕು, ಉರುವಲು ಬೇಕು, ಮೇಲುಸ್ತುವಾರಿ ಬೇಕು. ಹೊರಗಿನಿಂದ ಇದರ ಕುರುಹೇ ಇಲ್ಲ. ಆದುದರಿಂದ ವಂಚಕನ ಮೊದಲ ಉಳಿತಾಯ ಇಲ್ಲಿಯೇ.

ಹದವನ್ನು ತಿಳಿಯಬೇಕಾದರೆ ಚಾಕುವನ್ನು ಮನೆಗೆ ತರಬೇಕು. ಸಾಣೆಕಲ್ಲಿನ ಮೇಲೆ ಒಂದು ಪಕ್ಕವನ್ನು ಮಸೆದಾಗ ಇನ್ನೊಂದು ಪಕ್ಕದ ಅಂಚಿನಲ್ಲಿ ಲೋಹದ ತೆಳ್ಳನೆಯ ತರಿ ಎದ್ದು ಬೆರಳಿಗೆ ತಾಗಬೇಕು. ಮಗುಚಿ ಮಸೆದಾಗ ಅದು ಸಲೀಸಾಗಿ ಕಳಚಿ ಹೋಗಬೇಕು. ಕಳಚದೆ ಅತ್ತಿಂದಿತ್ತ ಮಡಚಿಕೊಳ್ಳುತ್ತಲೇ ಇದ್ದರೆ ಉಕ್ಕು ಮೆದು. ಮಸೆದ ಮೇಲೆ ರಟ್ಟಿನ ಪೆಟ್ಟಿಗೆಯೊಂದನ್ನು ಉದ್ದುದ್ದ ಪಟ್ಟಿಗಳಾಗಿ ಕೊಯ್ದು, ಅಲಗಿನ ಬಾಯಿಯನ್ನು ದೀಪಕ್ಕೆ ಎದುರಾಗಿ ಹಿಡಿದು ನೋಡಿರಿ. ಹರಿತವಾದ ಅಂಚು ಬೆಳಕನ್ನು ಪ್ರತಿಫಲಿಸದು. ಎಲ್ಲಿ ಮಿನುಗುತ್ತದೆಯೋ ಅಲ್ಲಿ ಮೊಂಡಾಗಿದೆ. ಒಂದು ಪೆಟ್ಟಿಗೆಗೆ ಅಂಚೆಲ್ಲ ಮಿನುಗಿದರೆ ಹದವಿಲ್ಲ. ಅಂಚು ಹಲ್ಲುಹಲ್ಲಾಗಿ ಉದುರಿದರೆ ಹದ ಮೀರಿದೆ.

ಅಲಗಿನ ಗಾತ್ರದ ಮಾತನ್ನೂ ಹೇಳಬೇಕು. ದಪ್ಪನೆಯ ಅಲಗು ಬಲಿಷ್ಠವೆಂಬ ಭಾವನೆ ಬಹುಜನರಲ್ಲಿದೆ. ಆದರೆ ಮೂರು ಮಿಲಿಮೀಟರು ದಪ್ಪದ ಅಲಗು ಕ್ಯಾರೆಟ್ಟನ್ನು ಕೊಯ್ಯುವುದಿಲ್ಲ, ಸೀಳುತ್ತದೆ. ಒಪಿನೆಲ್ಲಿನ ಎಂಟನೆಯ ಅಳತೆಯ ಅಲಗು, ಎಂಟೂವರೆ ಸೆಂಟಿಮೀಟರು ಉದ್ದವಿದ್ದೂ ದಪ್ಪದಲ್ಲಿ ಎರಡು ಮಿಲಿಮೀಟರನ್ನು ಮುಟ್ಟುವುದಿಲ್ಲ. ಬೆನ್ನಿನಿಂದ ಬಾಯಿಯವರೆಗೆ ನವುರಾಗಿ ಇಳಿದುಬಂದ ಆ ತೆಳುವಿನಿಂದಾಗಿಯೇ ಮಾವಿನಕಾಯಿಯ ಹೋಳು ಒಡೆಯದೆ ನುಣುಪಾಗಿ ಬೀಳುತ್ತದೆ. 1985ರಲ್ಲಿ ಲಂಡನ್ನಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯ ಜಗತ್ತಿನ ಶ್ರೇಷ್ಠ ವಿನ್ಯಾಸದ ನೂರು ವಸ್ತುಗಳಲ್ಲಿ ಇದನ್ನು ಪೋರ್ಷೆ ಕಾರಿನ ಪಂಕ್ತಿಯಲ್ಲೇ ಕೂರಿಸಿದ್ದು ವಿನೋದಕ್ಕಲ್ಲ.

> ಕೊಯ್ಯದ ಚಾಕುವಿನ ಜನಕ
>
> 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ, ಬಂದೂಕಿನ ನಳಿಗೆ ಬೇಗ ಸವೆಯದಂಥ ಉಕ್ಕನ್ನು ಹುಡುಕುತ್ತ, ತುಕ್ಕು ಹಿಡಿಯದ ಉಕ್ಕನ್ನು ಕಂಡುಕೊಂಡ. ಅದರಿಂದ ಚಾಕು ಮಾಡಿರೆಂದು ಊರಿನ ಚಾಕುಗಾರರಿಗೆ ಹೇಳಿದಾಗ ಅವರು ಅವನನ್ನು ‘ಕೊಯ್ಯದ ಚಾಕುಗಳನ್ನು ಕಂಡುಹಿಡಿದವನು’ ಎಂದು ಗೇಲಿ ಮಾಡಿದರು. ಹೊಸ ಉಕ್ಕಿಗೆ ಹೊಸ ಹದ ಬೇಕಿತ್ತು. ಹಳೆಯ ಹದವನ್ನೇ ಕೊಟ್ಟರೆ ಅದು ಹರಿತ ಹಿಡಿಯುತ್ತಿರಲಿಲ್ಲ.

ಕಪ್ಪು ಅಲಗು, ಮಳೆಗಾಲದ ಹಿಡಿ

ತುಕ್ಕು ಹಿಡಿಯುವ ಇಂಗಾಲದ ಉಕ್ಕೋ ಹಿಡಿಯದ ಸ್ಟೇನ್‌ಲೆಸ್ ಉಕ್ಕೋ ಎಂಬ ವಾದ ಬ್ರಿಯರ್ಲಿಯ ಕಾಲಕ್ಕೇ ಮುಗಿಯಲಿಲ್ಲ. ಇಂಗಾಲದ ಉಕ್ಕು ಬೇಗ ಹರಿತವಾಗುತ್ತದೆ. ಒಂದು ನಿಂಬೆಹಣ್ಣು ಕೊಯ್ದರೆ ಸಾಕು, ನೀಲಿಗಪ್ಪು ಕಲೆಯಾಗುತ್ತದೆ. ಅಪರಿಚಿತರು ಇದನ್ನು ಕಳಪೆಯ ಲಕ್ಷಣವೆಂದು ಬಗೆದು ಸೋಪಿನಪುಡಿ ಹಾಕಿ ತಿಕ್ಕುವುದುಂಟು. ಕಪ್ಪು ಕಲೆ ಅಪಾಯವಲ್ಲ, ಒಂದಿಷ್ಟು ರಕ್ಷೆಯೇ ಆದೀತು. ಕೆಂಪು ತುಕ್ಕು ಮಾತ್ರ ಅಪಾಯ. ಬಳಸಿದೊಡನೆ ಒರಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಅದೂ ಬಾರದು. ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಇಡಬಾರದು. ಚರ್ಮ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಮರದ ಹಿಡಿಯೂ ಮಳೆಗಾಲದಲ್ಲಿ ಉಬ್ಬಿ ಅಲಗನ್ನು ಕಚ್ಚಿಕೊಳ್ಳುವುದುಂಟು. ಸವೊಯ್ ಪ್ರಾಂತದವರು ಇದಕ್ಕೆ ಕಂಡುಕೊಂಡ ಉಪಾಯ ಸರಳ: ಉಂಗುರವನ್ನು ಸಡಿಲಿಸಿ, ಹಿಡಿಯ ಹಿಂತುದಿಯನ್ನು ಮೇಜಿನಂಚಿಗೆ ಒಮ್ಮೆ ಕುಟ್ಟಿದರೆ ಅಲಗು ತಾನಾಗಿ ಅಷ್ಟು ಹೊರಬರುತ್ತದೆ.

ಬೀದಿಯಲ್ಲಿ ವಿದ್ಯುತ್ ಚಕ್ರ ಹಿಡಿದು ಬರುವ ಸಾಣೆಯವನಿಗೆ ಇಂಥ ತೆಳು ಅಲಗನ್ನು ಕೊಡದಿರುವುದು ಲೇಸು. ನೀರಿಲ್ಲದ ಚಕ್ರದ ಶಾಖಕ್ಕೆ ಅಂಚು ನೀಲಿಯಾಯಿತೆಂದರೆ ಆ ಜಾಗದ ಹದ ಹೋಯಿತು. ತ್ಯೇರ್ ಊರಿನ ಕಲ್ಲುಗಳು ಸದಾ ನೀರಿನಲ್ಲಿ ನೆನೆದು ತಿರುಗುತ್ತಿದ್ದುದು ಸುಮ್ಮನೆ ಅಲ್ಲ.

ಒಳ್ಳೆಯ ಅಗ್ಗದ ಚಾಕುಗಳೆಲ್ಲವೂ ಬಾಳಿದವೆಂದಲ್ಲ. 1960ರ ಅಕ್ಟೋಬರ್ 12ರಂದು ಜಪಾನಿನ ಸಮಾಜವಾದಿ ನಾಯಕ ಅಸನುಮ ಇನೆಜಿರೊ, ಭಾಷಣದ ವೇದಿಕೆಯ ಮೇಲೆಯೇ ಹದಿನೇಳು ವಯಸ್ಸಿನ ತರುಣನ ಕಿರುಗತ್ತಿಗೆ ಬಲಿಯಾದರು. ಆ ಬಳಿಕ ಮಕ್ಕಳ ಕೈಗೆ ಅಲಗು ಕೊಡಬಾರದೆಂಬ ಆಂದೋಲನ ದೇಶದಲ್ಲೆಲ್ಲ ಹಬ್ಬಿ, ಆ ಕೃತ್ಯಕ್ಕೆ ಸಂಬಂಧವೇ ಇಲ್ಲದ ಹಿಗೊನೊಕಾಮಿಯೂ ಶಾಲೆಯ ಚೀಲದಿಂದ ಮರೆಯಾಯಿತು. ಮಿಕಿ ಪಟ್ಟಣದಲ್ಲಿ ಅನೇಕರು ಮಾಡುತ್ತಿದ್ದ ಚಾಕುವಿಗೆ ಆ ಹೆಸರನ್ನು ಒತ್ತುವ ಹಕ್ಕು ಉಳಿದಿರುವುದು ಈಗ ನಾಗಾಓ ಕುಟುಂಬದ ಒಂದೇ ಕಾರ್ಖಾನೆಗೆ.

ಯಾವುದನ್ನು ಕೊಳ್ಳಬೇಕೆಂದು ಕೇಳುವವರಿಗೆ ನನ್ನ ತೀರ್ಮಾನ ಇದು. ಬಯಲುಸೀಮೆಯವರಿಗೆ ಇಂಗಾಲದ ಉಕ್ಕಿನ ಒಪಿನೆಲ್, ಎಂಟನೆಯ ಅಳತೆ. ಕರಾವಳಿ ಮಲೆನಾಡಿನವರಿಗೂ ಹುಳಿಹಣ್ಣು ಹೆಚ್ಚಾಗಿ ಕೊಯ್ಯುವವರಿಗೂ ಅದರದೇ ಸ್ಟೇನ್‌ಲೆಸ್ ರೂಪ. ಕಿಸೆಯಲ್ಲಿ ತೆಳ್ಳಗೆ ಕೂರಬೇಕೆನ್ನುವ, ಗಟ್ಟಿಯಾದ ಉಗುರುಳ್ಳವರಿಗೆ ಡೂಕ್-ಡೂಕ್. ಹಿಗೊನೊಕಾಮಿಯನ್ನು ಕೈಕೆಲಸದಲ್ಲಿ ಪಳಗಿದವರು ಮಾತ್ರ ಕೊಳ್ಳಲಿ, ಅದಕ್ಕೆ ತಡೆಯಿಲ್ಲ. ಹೂಬಳ್ಳಿ ಕೆತ್ತಿದ ಅನಾಮಧೇಯ ಚಾಕುವೇ ಬೇಕೆನ್ನುವವರು ಕಾಗದದ ಪಟ್ಟಿಯೊಂದನ್ನು ಜೊತೆಗೆ ಒಯ್ಯಲಿ; ಆ ಪರೀಕ್ಷೆಗೆ ಒಪ್ಪದ ಅಂಗಡಿಯನ್ನು ಬಿಟ್ಟು ಮುಂದಿನ ಅಂಗಡಿಗೆ ನಡೆಯಲಿ. ಮತ್ತು, ಪ್ರವಾಸ ವಿಮಾನದಲ್ಲಾದರೆ, ಚಾಕು ಯಾವುದೇ ಇರಲಿ, ಅದನ್ನು ಸರಕಿಗೆ ಹಾಕುವ ಪೆಟ್ಟಿಗೆಯಲ್ಲೇ ಇಡಬೇಕು. ಕೈಚೀಲದಲ್ಲಿ ಒಯ್ಯಲು ಅನುಮತಿಯಿಲ್ಲ.